ಯಾಕೆ ಹೀಗಾಯಿತು ಎಂದು ಯಾರೂ ಕೇಳಲಿಲ್ಲ: ವಿಜಯಪುರ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳೇ, ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಮಸ್ಕಾರ. ನಾನು ಇಂಡಿ ತಾಲೂಕಿನ ಒಂದು ಹಳ್ಳಿಯವಳು. 31 ವರ್ಷ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಿಯಾಗಿದ್ದೇನೆ. ಊರವರಿಗೆ ಇವತ್ತಿಗೂ ನಾನು ನರ್ಸಬಾಯಿ. ಆದರೆ ಈ ಪತ್ರ ಬರೆಯಲು ಕೂತದ್ದು ಒಬ್ಬ ರೋಗಿಯ ಅಕ್ಕನಾಗಿ. ತಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬರೆದದ್ದನ್ನೆಲ್ಲ ಅವನಿಗೆ ಓದಿ ಹೇಳಿದ್ದೇನೆ. ಎರಡು ಕಡೆ ತಿದ್ದಿಸಿದ್ದಾನೆ.

ತಮ್ಮನಿಗೆ ಈಗ 47. ಕಾಯಿಲೆ ಶುರುವಾದಾಗ 22. ಕೆಲವು ತಿಂಗಳು ನಿದ್ದೆಯಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿದ್ದ ದುಡ್ಡೆಲ್ಲ ಕಂಡವರಿಗೆ ಹಂಚಿ ಬರುವುದು. ಮತ್ತೆ ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ. ಬೈಪೋಲಾರ್ ಕಾಯಿಲೆ ಎಂದು ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ಹೇಳಿದರು. ನಮ್ಮ ಕಡೆ "ಧಾರವಾಡಕ್ಕ ಕರ್ಕೊಂಡ ಹೋಗ್ಯಾರ" ಅಂದರೆ ಸಾಕು, ಉಳಿದ ಕಥೆ ಊರೇ ಕಟ್ಟಿಕೊಳ್ಳುತ್ತದೆ. ಆದರೆ ಅಲ್ಲಿ ಶುರುವಾದ ಲಿಥಿಯಂ ಗುಳಿಗೆ ಅವನನ್ನು ಎತ್ತಿ ನಿಲ್ಲಿಸಿತು. ಮದುವೆಯಾದ. ಮಗಳು ಹುಟ್ಟಿದಳು. ಎರಡು ಎಕರೆ ಲಿಂಬೆ ತೋಟ ಮಾಡಿದ. 20 ವರ್ಷ ಒಂದು ದಿನವೂ ಗುಳಿಗೆ ತಪ್ಪಿಸದೆ ಬದುಕಿದ.

ಮೂರು ವರ್ಷದ ಹಿಂದಿನ ಮೇ ತಿಂಗಳು. ನಮ್ಮ ಜಿಲ್ಲೆಯ ಮೇ ಬಿಸಿಲು ನಿಮಗೆ ಗೊತ್ತು. ಬಾವಿ ಬತ್ತಿತ್ತು. ಗಿಡ ಉಳಿಸಿಕೊಳ್ಳಲು ತಮ್ಮ ದಿನವಿಡೀ ಟ್ಯಾಂಕರ್ ನೀರು ಹಾಕುತ್ತಿದ್ದ. ಮೊಣಕಾಲು ನೋಯತೊಡಗಿತು. ಮೆಡಿಕಲ್ ಅಂಗಡಿಗೆ ಹೋಗಿ ಡೈಕ್ಲೋಫೆನಾಕ್ ತಂದ. ದಿನಕ್ಕೆ ಎರಡು ಗುಳಿಗೆ. ಡಾಕ್ಟರ್ ಚೀಟಿ ಯಾರೂ ಕೇಳಲಿಲ್ಲ. ನಾಲ್ಕನೇ ದಿನ ಭೇದಿ ಹತ್ತಿತು. ಐದನೇ ದಿನ ಚಾ ಕಪ್ಪು ಹಿಡಿದರೆ ಅರ್ಧ ಚಾ ಬಸಿಗೆ. ಆರನೇ ದಿನ ನಡಿಗೆ ತೂರಾಡಿತು, ನಾಲಿಗೆ ತೊದಲಿತು. ಮಗಳನ್ನು ನನ್ನ ಹೆಸರು ಹಿಡಿದು ಕರೆದ.

ಆ ರಾತ್ರಿ ಟಂಟಂನಲ್ಲಿ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಅದು ಸರ್ಕಾರಿಯೋ ಖಾಸಗಿಯೋ ಎಂದೂ ಬರೆಯುವುದಿಲ್ಲ. ಇಂಥದ್ದು ಎಲ್ಲಿ ಬೇಕಾದರೂ ಆಗಬಹುದು, ಅದಕ್ಕೇ ಈ ಪತ್ರ. ಮೊದಲು ಕೇಳಿದ್ದು, "ಕುಡದಾರೇನ್ರಿ?" ತಮ್ಮ ಕುಡಿಯುವುದಿಲ್ಲ ಎಂದೆ. ಹಳೆಯ ಕೇಸ್ ಪೇಪರ್ ತೋರಿಸಿದೆ. ಮೇಲಿನ ಒಂದು ಸಾಲು ಓದಿದರು. "ಮೆಂಟಲ್ ಪೇಷಂಟ್ ಅದಾರ. ಮೊದಲಿಂದs ತ್ರಾಸ ಜಾಸ್ತಿ ಆಗೇತಿ." ಅಲ್ಲಿಗೆ ತೀರ್ಮಾನವಾಯಿತು. ಅವನು ಮಂಚದಿಂದ ಎದ್ದು ಎದ್ದು ಬೀಳುತ್ತಿದ್ದ. ನಿದ್ದೆ ಬರುವ ಇಂಜೆಕ್ಷನ್ ಕೊಟ್ಟರು. ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಪಟ್ಟಿಗೆ ಕಟ್ಟಿದರು. ನಾನು ಅಲ್ಲೇ ನಿಂತಿದ್ದೆ. ಬೇಡ ಎನ್ನಲಿಲ್ಲ. 31 ವರ್ಷ ಬಿಳಿ ಸೀರೆ ಉಟ್ಟವಳು ನಾನು. ನನಗೂ ಹೊಳೆಯಲಿಲ್ಲ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಬರೆಯಲೇಬೇಕು.

ಬೆಳಿಗ್ಗೆ ಡ್ಯೂಟಿ ಬದಲಾಯಿತು. ಬಂದ ಸಿಸ್ಟರ್ 25 ದಾಟಿರದ ಹುಡುಗಿ. ಅವನ ಬೆರಳು ನಡುಗುವುದನ್ನು ಸ್ವಲ್ಪ ಹೊತ್ತು ನೋಡಿದಳು. "ಅಕ್ಕಾರ, ಇವ್ರು ಯಾವ್ಯಾವ ಗುಳಿಗಿ ತಗೋತಾರ್ರಿ? ಹೊರಗಿಂದೂ ಹೇಳ್ರಿ." ಚೀಲದಿಂದ ಎರಡೂ ಪಟ್ಟಿ ತೆಗೆದು ಕೊಟ್ಟೆ. ಎರಡನ್ನೂ ಅಂಗೈಯಲ್ಲಿ ಜೋಡಿಸಿ ಹಿಡಿದು ನೋಡಿ, ಓಡಿದಳು. ಲಿಥಿಯಂ ಪರೀಕ್ಷೆ ಅಲ್ಲಿ ಆಗುತ್ತಿರಲಿಲ್ಲ. ರಕ್ತ ಹೊರಗೆ ಕಳಿಸಿದರು. ಸಂಜೆ ರಿಪೋರ್ಟ್ ಬಂತು, 2.4. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರಬೇಕಾದದ್ದು. 1.5 ದಾಟಿದರೆ ವಿಷ. ಆಮೇಲೆ ದೊಡ್ಡ ಆಸ್ಪತ್ರೆ, ಡಯಾಲಿಸಿಸ್, 11 ದಿನ. ತಮ್ಮ ಉಳಿದ. ಆದರೆ ಇವತ್ತಿಗೂ ಕಾಲು ಅಗಲ ಮಾಡಿ ನಡೆಯುತ್ತಾನೆ. ಬೈಕ್ ಬಿಟ್ಟ. ಅಂಗಿಯ ಗುಂಡಿಯನ್ನು ಮಗಳು ಹಾಕುತ್ತಾಳೆ.

ಲಿಥಿಯಂ ಬಗ್ಗೆ ಒಂದು ಮಾತು ಇಲ್ಲೇ ಹೇಳುತ್ತೇನೆ, ಯಾಕೆಂದರೆ ಇದನ್ನು ಆ ಗುಳಿಗೆ ತಗೊಳ್ಳುವವರೂ ಓದಬಹುದು. ಲಿಥಿಯಂ ಕೆಟ್ಟ ಔಷಧಿಯಲ್ಲ. 1949ರಿಂದ ಈ ಕಾಯಿಲೆಗೆ ಬಳಕೆಯಲ್ಲಿದೆ. ಎಷ್ಟೋ ಜನರ ಜೀವ ಉಳಿಸಿದೆ. ದಯವಿಟ್ಟು ಯಾರೂ ಈ ಪತ್ರ ಓದಿ ತಾವೇ ನಿಲ್ಲಿಸಬೇಡಿ. ಆದರೆ ಅದು ಲೆಕ್ಕದ ಔಷಧಿ. ಉಪಯೋಗದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಅದು ಉಪ್ಪಿನ ಜಾತಿಯದು. ದೇಹದಿಂದ ಹೊರಹೋಗುವುದು ಕಿಡ್ನಿಯ ದಾರಿಯಲ್ಲಿ. ಬೆವರು, ವಾಂತಿ, ಭೇದಿಯಲ್ಲಿ ನೀರು ಉಪ್ಪು ಹೋದರೆ ಕಿಡ್ನಿ ಇದ್ದ ಉಪ್ಪನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದರ ಜೊತೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಸೇರಿದರೆ ಇನ್ನೂ ಜಾಸ್ತಿ. ಕೆಲವು ಬಿಪಿ ಗುಳಿಗೆಗಳೂ ಹಾಗೆಯೇ. ಅಂದರೆ ನಮ್ಮ ಬಿಸಿಲು, ನಮ್ಮ ಹೊಲದ ದುಡಿಮೆ, ನಮ್ಮ ಮೆಡಿಕಲ್ ಅಂಗಡಿ, ಮೂರೂ ಒಟ್ಟಿಗೆ ಬಂದರೆ ಈ ಜಿಲ್ಲೆಯಲ್ಲಿ ಲಿಥಿಯಂ ತಗೊಳ್ಳುವ ಯಾರಿಗೆ ಬೇಕಾದರೂ ನನ್ನ ತಮ್ಮನ ಗತಿಯೇ. ಕೈ ಜೋರಾಗಿ ನಡುಗುವುದು, ತೂರಾಡುವುದು, ತೊದಲುವುದು, ವಾಂತಿ ಭೇದಿ, ಮಂಕು ಕವಿಯುವುದು: ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಲಿಥಿಯಂ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿ.

ಇನ್ನು ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಡಿಸ್ಚಾರ್ಜ್ ಆದ ಮೇಲೆ ಮೊದಲಿನ ಆಸ್ಪತ್ರೆಗೆ ನಾನೊಬ್ಬಳೇ ಹೋದೆ. ಜಗಳಕ್ಕೆ ಹೋಗಲಿಲ್ಲ. "ನನ್ನ ತಮ್ಮಗ ಹಿಂಗಾತಲ್ರಿ, ಇದನ್ನ ಎಲ್ಲಿ ಬರದಿಡ್ತೀರಿ?" ಎಂದು ಕೇಳಿದೆ. ಕುರ್ಚಿಯಲ್ಲಿದ್ದವರು ಒಳ್ಳೆಯವರೇ, ನನ್ನನ್ನು ಕೂರಿಸಿದರು, ನೀರು ತರಿಸಿದರು. "ಆರಾಮ ಆದ್ರಲ್ರಿ ಅಕ್ಕಾರ. ಮತ್ತೇನು ಬರಿಯೂದು?" ಎಂದರು. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಬರೆಯಲು ಒಂದು ಪುಸ್ತಕವಿಲ್ಲ, ಕೇಳುವ ಒಬ್ಬ ಅಧಿಕಾರಿಯಿಲ್ಲ. ಹೊರಗೆ ಬರುವಾಗ ಆ ಸಿಸ್ಟರ್ ಸಿಕ್ಕಳು. ಕೈ ಹಿಡಿದುಕೊಂಡು ಅತ್ತೆ. ನಿನ್ನ ಹೆಸರು ಎಲ್ಲರಿಗೂ ಹೇಳುತ್ತೇನೆ ಎಂದೆ. ಅವಳು ಆಚೀಚೆ ನೋಡಿ, "ಬ್ಯಾಡ್ರಿ ಅಕ್ಕಾರ, ನನ್ನ ಹೆಸರು ಎಲ್ಲೂ ಹೇಳಬ್ಯಾಡ್ರಿ. ರಾತ್ರಿ ಡ್ಯೂಟಿಯವ್ರ ತಪ್ಪು ನಾ ತೋರಿಸಿದಂಗ ಆಗ್ತೈತಿ," ಎಂದಳು. ಒಂದು ಜೀವ ಉಳಿಸಿದ ಹುಡುಗಿ ಅಪರಾಧ ಮಾಡಿದವಳಂತೆ ನಿಂತಿದ್ದಳು.

ಈಗ ನನ್ನ ನೌಕರಿಯ ಒಂದು ದಿನ ಹೇಳುತ್ತೇನೆ. ಒಂದು ತಾಂಡಾದಲ್ಲಿ ಬಾಣಂತಿ ತೀರಿಹೋದಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ತಾಯಿ ಸತ್ತರೆ ನಮ್ಮ ಇಲಾಖೆಯಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತು. 24 ಗಂಟೆಯೊಳಗೆ ಸುದ್ದಿ ಹೋಗಬೇಕು. ತಂಡ ಮನೆಗೆ ಬರುತ್ತದೆ. ಅತ್ತೆ, ಗಂಡ, ಪಕ್ಕದ ಮನೆಯವಳು, ಆಶಾ, ನಾನು, ಎಲ್ಲರನ್ನೂ ಕೂರಿಸಿ ಕೇಳುತ್ತಾರೆ. ರಕ್ತ ಹೋಗುವುದನ್ನು ಮೊದಲು ಯಾರು ಕಂಡರು? ಎಷ್ಟು ಗಂಟೆಗೆ? ಗಾಡಿಗೆ ಯಾವಾಗ ಫೋನ್ ಮಾಡಿದಿರಿ? ಎಷ್ಟು ಹೊತ್ತಿಗೆ ಬಂತು? ರಕ್ತ ಎಲ್ಲಿ ಸಿಕ್ಕಿತು? ನಾವು ಅದನ್ನು ಡೆತ್ ಆಡಿಟ್ ಎನ್ನುತ್ತೇವೆ. ಜಿಲ್ಲಾಧಿಕಾರಿಗಳ ಸಭೆಗೆ ಸತ್ತವಳ ಮನೆಯವರನ್ನೂ ಕರೆಸಬೇಕೆಂದು ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಆ ದಿನ ನನ್ನ ಎದೆ ಡವಡವ ಎನ್ನುತ್ತಿತ್ತು. ಕೆಲಸ ಹೋಯಿತು ಅಂದುಕೊಂಡಿದ್ದೆ. ಕೊನೆಗೆ ಗೊತ್ತಾದದ್ದು, ತಾಂಡಾದವರ ಬಳಿ ಇದ್ದ ಫೋನ್ ನಂಬರ್ ಹಳೆಯದು. ಒಂದು ಗಂಟೆ ಅದರಲ್ಲೇ ಹೋಗಿತ್ತು. ಮುಂದಿನ ವಾರ ಪ್ರತಿ ತಾಂಡಾದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಹೊಸ ನಂಬರ್ ಬರೆಸಿದೆವು. ನನ್ನನ್ನು ಯಾರೂ ಮನೆಗೆ ಕಳಿಸಲಿಲ್ಲ.

2004ರಿಂದ 06ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018ರಿಂದ 20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇದಕ್ಕೆ ಕಾರಣ ಹತ್ತಾರು. ಆಸ್ಪತ್ರೆ ಹೆರಿಗೆ ಜಾಸ್ತಿಯಾಯಿತು, ಗಾಡಿ ಬಂತು, ರಕ್ತ ಸಿಗತೊಡಗಿತು. ಆದರೆ ಆ ಕೆಲಸದ ಒಳಗಿದ್ದವಳಾಗಿ ಹೇಳುತ್ತೇನೆ, ಪ್ರತಿ ಸಾವಿನ ಮುಂದೆ ಕೂತು "ಯಾಕೆ?" ಎಂದು ಕೇಳಿದ್ದು ನಮ್ಮನ್ನು ಬದಲಾಯಿಸಿತು.

ಮಾನಸಿಕ ಕಾಯಿಲೆಯ ರೋಗಿಗೆ ನಮ್ಮ ಕೈಯಲ್ಲೇ ಹಾನಿಯಾದಾಗ ಹಾಗೆ ಕೂತು ಕೇಳುವವರು ಯಾರು? ನನ್ನ ಪ್ರಶ್ನೆ ಇದೊಂದೇ.

ಆ ಆಡಿಟ್ ಕಲಿಸಿದ ರೀತಿಯಲ್ಲೇ ನಾನು ತಮ್ಮನ ವಿಷಯವನ್ನು ಹಿಂದಕ್ಕೆ ನೋಡುತ್ತಾ ಹೋದೆ. ಮೆಡಿಕಲ್ ಅಂಗಡಿಯವನಿಗೆ ಇವನು ಲಿಥಿಯಂ ತಗೋತಾನೆ ಎಂದು ಗೊತ್ತಿರಲಿಲ್ಲ. ಇವನಿಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಯಾಕೆ? ಯಾರೂ ಹೇಳಿಕೊಟ್ಟಿರಲಿಲ್ಲ. ಅಥವಾ 20 ವರ್ಷದ ಹಿಂದೆ ಯಾರೋ ಹೇಳಿದ್ದು ಮರೆತಿತ್ತು. ಲಿಥಿಯಂ ತಗೊಳ್ಳುವವರ ರಕ್ತವನ್ನು ಮೂರರಿಂದ ಆರು ತಿಂಗಳಿಗೊಮ್ಮೆ ನೋಡಬೇಕು. ಕಿಡ್ನಿ, ಥೈರಾಯ್ಡ್ ಕೂಡ. ಇವನದು ನೋಡಿ 14 ತಿಂಗಳಾಗಿತ್ತು. ಯಾಕೆ? ಪರೀಕ್ಷೆಗೆ ಊರು ಬಿಟ್ಟು ಹೋಗಬೇಕು, ಒಂದು ದಿನದ ಕೆಲಸ ಹೋಗುತ್ತದೆ, ಬಾ ಎಂದು ಕರೆಯುವವರೂ ಇಲ್ಲ. ಎಮರ್ಜೆನ್ಸಿಯಲ್ಲಿ ಕೇಸ್ ಪೇಪರಿನ ಎರಡನೇ ಸಾಲು ಯಾಕೆ ಓದಲಿಲ್ಲ? ಮೊದಲ ಸಾಲಿನಲ್ಲಿ ಕಾಯಿಲೆಯ ಹೆಸರಿತ್ತು. ಆ ಹೆಸರು ಕಂಡ ಮೇಲೆ ಮನುಷ್ಯನ ಉಳಿದ ದೇಹ ಕಾಣುವುದಿಲ್ಲ. ಇದು ನಮ್ಮ ಜಿಲ್ಲೆಯೊಂದರ ರೋಗವಲ್ಲ. ಜಗತ್ತಿನ ಎಲ್ಲ ಕಡೆ ಮಾನಸಿಕ ರೋಗಿಗಳ ಎದೆನೋವು, ಜ್ವರ, ಸಕ್ಕರೆ ಕಾಯಿಲೆಯನ್ನು "ತಲೆಯದೇ ತೊಂದರೆ" ಎಂದು ತಳ್ಳಿಹಾಕಿದ್ದುಂಟು.

ನೋಡಿ, ಈ ಸರಪಳಿಯಲ್ಲಿ ಒಬ್ಬನೇ ಒಬ್ಬ ಕೆಟ್ಟ ಮನುಷ್ಯ ಇಲ್ಲ. ಯಾರನ್ನಾದರೂ ಸಸ್ಪೆಂಡ್ ಮಾಡಿದರೆ ಏನು ಸರಿಹೋಗುತ್ತಿತ್ತು? ಮರುದಿನದಿಂದ ಎಲ್ಲರೂ ಇನ್ನಷ್ಟು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಆ ಹುಡುಗಿಯ ಹೆದರಿಕೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು, ನಾನೂ ಅದೇ ಹೆದರಿಕೆಯಲ್ಲಿ 31 ವರ್ಷ ಕಳೆದಿದ್ದೇನೆ. ತಪ್ಪು ಕಂಡರೆ ನೋಟಿಸ್ ಬರುತ್ತದೆ ಎಂದು ಗೊತ್ತಿರುವ ಕಡೆ ತಪ್ಪು ಕಾಣುವುದೇ ಇಲ್ಲ. ಬೇಕಂತಲೇ ರೋಗಿಗೆ ಹೊಡೆದವರಿಗೆ, ಕುಡಿದು ಡ್ಯೂಟಿಗೆ ಬಂದವರಿಗೆ ಶಿಕ್ಷೆ ಆಗಲೇಬೇಕು, ಅದು ಬೇರೆ ಮಾತು. ಉಳಿದವರಿಗೆ "ಹೇಳಿದ್ದು ಒಳ್ಳೆಯದಾಯಿತು" ಎನ್ನುವ ಮೇಲಧಿಕಾರಿ ಬೇಕು.

ಹಾಗಾಗಿ ನನ್ನ ಮೊದಲ ಬೇಡಿಕೆ ಹಣವಲ್ಲ, ಕಟ್ಟಡವಲ್ಲ. ಒಬ್ಬರನ್ನು ನೇಮಿಸಿ. ನಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಸೇವೆಯಲ್ಲಿ ರೋಗಿಯ ಸುರಕ್ಷತೆ ಇವರ ಹೊಣೆ ಎಂದು ಆದೇಶದಲ್ಲಿ ಬರೆಯಿರಿ. ಅವರು ಮನೋವೈದ್ಯರೇ ಆಗಬೇಕಿಲ್ಲ. ವೈದ್ಯರಿಗೆ ಹೊರರೋಗಿಗಳ ಸಾಲು ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ನರ್ಸ್ ಇರುತ್ತಾರೆ, ಸಮಾಜ ಕಾರ್ಯಕರ್ತರು ಇರುತ್ತಾರೆ. ಅವರಲ್ಲಿ ಕೇಳುವ ಗುಣ ಇರುವ ಒಬ್ಬರಿಗೆ ವಾರದಲ್ಲಿ ಒಂದು ದಿನ ಇದೇ ಕೆಲಸಕ್ಕೆ ಬಿಡಿ. ಯಾವ ಬಾಗಿಲಿಗೂ ಹೋಗಿ ಕೇಳುವ ಅಧಿಕಾರ ಕೊಡಿ. ತಿಂಗಳಿಗೊಮ್ಮೆ ನಿಮ್ಮ ಎದುರು ಕೂರಿಸಿ, ಡೆತ್ ಆಡಿಟ್ ಸಭೆಯಂತೆಯೇ. ನೀವು ಕೇಳುತ್ತೀರಿ ಎಂದು ಗೊತ್ತಾದರೆ ಮಾತ್ರ ಕೆಳಗಿನವರು ಬರೆಯುತ್ತಾರೆ. ಇದು ನನ್ನ ಅನುಭವ.

ಆ ಸಭೆಯಲ್ಲಿ ರೋಗಿಗಳೂ ಅವರ ಮನೆಯವರೂ ಇರಬೇಕು. ಬರೀ ಸಹಿ ಹಾಕಲು ಅಲ್ಲ, ಮಾತಾಡಲು. ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಎಂಬ ಪದ್ಧತಿಯನ್ನು ಗುಜರಾತಿನ 6 ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಜಾರಿಗೆ ತಂದು ನೋಡಿದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಸೇವೆಯ ಗುಣಮಟ್ಟ ಏರಿತು, ಸಿಬ್ಬಂದಿ ರೋಗಿಗಳನ್ನು ನೋಡುವ ರೀತಿ ಬದಲಾಯಿತು, ತಮ್ಮ ಮಾತಿಗೆ ಬೆಲೆ ಇದೆ ಎಂದು ರೋಗಿಗಳಿಗೆ ಅನಿಸಿತು. ಅದು ನಮ್ಮಂಥದೇ ಸರ್ಕಾರಿ ವ್ಯವಸ್ಥೆ. ಅಲ್ಲಿ ಆಗುವುದಾದರೆ ಇಲ್ಲಿ ಯಾಕೆ ಆಗಬಾರದು?

ಕೆಲಸ ಸಣ್ಣದರಿಂದ ಶುರುವಾಗಲಿ. ಇಡೀ ಜಿಲ್ಲೆಗೆ ಒಂದೇ ಸಲ ಸುತ್ತೋಲೆ ಕಳಿಸಿದರೆ ಅದು ಫೈಲಿನಲ್ಲಿ ಮಲಗುತ್ತದೆ. ಒಂದು ತಾಲೂಕು ಆಸ್ಪತ್ರೆ, ಒಂದು ತಿಂಗಳು, ಒಂದು ಬದಲಾವಣೆ. ಎಣಿಸಿ ನೋಡುವುದು. ಆಯಿತಾ, ಮುಂದಿನ ತಾಲೂಕಿಗೆ ಒಯ್ಯುವುದು. ಆಗಲಿಲ್ಲವಾ, ಯಾಕೆ ಎಂದು ಸಿಬ್ಬಂದಿಯನ್ನೇ ಕೇಳಿ ತಿದ್ದುವುದು. ಗುಣಮಟ್ಟ ಸುಧಾರಣೆ ಅಂದರೆ ಇಷ್ಟೇ. ಹೆರಿಗೆ ಕೋಣೆಗೆ 2017ರಲ್ಲಿ ಲಕ್ಷ್ಯ ಕಾರ್ಯಕ್ರಮ ಬಂದಾಗ ಸಿಬ್ಬಂದಿ ಇದನ್ನೆಲ್ಲ ಕಲಿತೇ ಇದ್ದಾರೆ.

ಯಾವುದರಿಂದ ಶುರು ಮಾಡಬೇಕು ಎಂದು ಕೇಳಿದರೆ ನಾನು ಕಾರ್ಡಿನಿಂದ ಎನ್ನುತ್ತೇನೆ. ಗರ್ಭಿಣಿಗೆ ತಾಯಿ ಕಾರ್ಡ್ ಇದೆ. ಅದನ್ನು ನೋಡಿದರೆ ಯಾವ ಊರಿನ ಯಾವ ಸಿಸ್ಟರಿಗಾದರೂ ಅವಳ ರಕ್ತ, ಬಿಪಿ, ಹಿಂದಿನ ಹೆರಿಗೆ ಎಲ್ಲ ಗೊತ್ತಾಗುತ್ತದೆ. ಲಿಥಿಯಂ ತಗೊಳ್ಳುವವರಿಗೂ ಜೇಬಿನಲ್ಲಿ ಹಿಡಿಸುವ ಒಂದು ಕಾರ್ಡ್ ಕೊಡಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: "ನಾನು ಲಿಥಿಯಂ ತೆಗೆದುಕೊಳ್ಳುತ್ತೇನೆ. ನೋವಿನ ಗುಳಿಗೆ, ಬಿಪಿ ಗುಳಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿ. ವಾಂತಿ, ಭೇದಿ, ನಡುಕ ಕಂಡರೆ ರಕ್ತ ಪರೀಕ್ಷೆ ಮಾಡಿ." ಹಿಂಬದಿಯಲ್ಲಿ ಕೊನೆಯ ಪರೀಕ್ಷೆಯ ತಾರೀಖು, ಮುಂದಿನದರ ತಾರೀಖು. ಬ್ರಿಟನ್ನಿನಲ್ಲಿ ಲಿಥಿಯಂನಿಂದ ಆದ ಹಾನಿಗಳನ್ನು ಒಟ್ಟುಗೂಡಿಸಿ ನೋಡಿ, 2009ರಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಹೊರಡಿಸಿದರು. ರೋಗಿಯ ಕೈಗೆ ಮಾಹಿತಿ ಪುಸ್ತಿಕೆ, ಎಚ್ಚರಿಕೆ ಕಾರ್ಡ್, ರಕ್ತದ ಲೆಕ್ಕ ಬರೆಯುವ ಪುಸ್ತಕ ಕೊಟ್ಟರು. ನಮ್ಮ ಬಿಸಿಲಿಗೆ ಆ ಕಾರ್ಡ್ ಅವರಿಗಿಂತ ನಮಗೇ ಜಾಸ್ತಿ ಬೇಕು, ಅಲ್ವಾ?

ಕಾರ್ಡಿನ ಮೇಲೆ ಕಾಯಿಲೆಯ ಹೆಸರು ಬೇಡ. ಇದು ತಮ್ಮ ಸೇರಿಸಲು ಹೇಳಿದ ಮಾತು. "ಗುಳಿಗಿ ಹೆಸರು ಸಾಕು. ಬಸ್ಸಿನ್ಯಾಗ ಬಿದ್ರ ಯಾರಾರ ಓದ್ತಾರ," ಎಂದ. ಸರಿಯಾದ ಮಾತು. ರೋಗಿಯ ವಿಷಯ ಗುಟ್ಟಾಗಿರಬೇಕು ಎಂದು ಕಾನೂನಿನಲ್ಲೂ ಇದೆ.

ಕಾರ್ಡಿನ ಜೊತೆಗೆ ಡ್ಯೂ ಲಿಸ್ಟ್. ಮಕ್ಕಳ ಲಸಿಕೆಗೆ ನಾವು ಪ್ರತಿ ತಿಂಗಳು ಡ್ಯೂ ಲಿಸ್ಟ್ ಬರೆಯುತ್ತೇವೆ. ಯಾವ ಮಗುವಿಗೆ ಯಾವ ಸೂಜಿ ಬಾಕಿ, ಹೆಸರು ಸಮೇತ. ಬರದಿದ್ದರೆ ಮನೆಗೆ ಹೋಗುತ್ತೇವೆ. 2014ರಿಂದ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂದು ಮಂಗಳವಾರದ ಕ್ಲಿನಿಕ್ ಇದೆ. ಬಹಳ ಒಳ್ಳೆಯ ಕೆಲಸ. ಅದಕ್ಕಿಂತ ಮೊದಲು ಒಂದು ಪಟ್ಟಿ ಗುಳಿಗೆಗೆ ಎರಡು ಬಸ್ ಬದಲಾಯಿಸುತ್ತಿದ್ದವರು ನಾವು. ಆ ಮಂಗಳವಾರ ಯಾರು ಬಂದರು ಎಂಬುದು ರಿಜಿಸ್ಟರಿನಲ್ಲಿ ಇರುತ್ತದೆ. ಯಾರು ಬರಲಿಲ್ಲ ಎಂಬುದನ್ನೂ ಬರೆಯಿರಿ. ಗುಳಿಗೆ ಮುಗಿದು 15 ದಿನವಾದರೂ ಬಾರದವನು ಎಲ್ಲಿದ್ದಾನೆ? ಗುಳೆ ಹೋದನಾ? ಹೋಗಿದ್ದರೆ ಅಲ್ಲಿ ಗುಳಿಗೆ ಯಾರು ಕೊಡುತ್ತಾರೆ? ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಹೋಗುವವರಿಗೆ ಎರಡು ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡುವ ಅಪಾಯವನ್ನೂ ಕೊಡದಿರುವ ಅಪಾಯವನ್ನೂ ತೂಗಿ ನೋಡಿ, ವೈದ್ಯರು ಒಂದು ನಿಯಮ ಮಾಡಲಿ.

ಲಿಥಿಯಂ ಒಂದೇ ಅಲ್ಲ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪೀನ್ ಗುಳಿಗೆ ಕೆಲವರಲ್ಲಿ ರಕ್ತದ ಬಿಳಿ ಕಣ ಇಳಿಸುತ್ತದೆ. ಮೊದಲ 18 ವಾರ ವಾರವಾರ ರಕ್ತ ನೋಡುವುದು ರೂಢಿ. ಅದನ್ನು ತಗೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಸುಮ್ನೆ ಇರುವಂತಿಲ್ಲ. ವಾಲ್ಪ್ರೊಯೇಟ್ ಎಂಬುದು ಮೂರ್ಛೆ ರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ಗುಳಿಗೆ. ಗರ್ಭಿಣಿ ತಗೊಂಡರೆ 100ಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದ ತೊಂದರೆ ಬರಬಹುದು. ಬುದ್ಧಿಯ ಬೆಳವಣಿಗೆಯ ತೊಂದರೆ ಅದಕ್ಕಿಂತ ಜಾಸ್ತಿ. ನಾನು ಸಾವಿರಾರು ತಾಯಿ ಕಾರ್ಡ್ ಬರೆದಿದ್ದೇನೆ. "ಮೂರ್ಛೆಗೆ, ತಲೆಗೆ ಏನಾದರೂ ಗುಳಿಗೆ ತಗೋತೀಯೇನವ್ವಾ?" ಎಂದು ಎಷ್ಟು ಹೆಣ್ಣುಮಕ್ಕಳನ್ನು ಕೇಳಿದೆ? ನೆನಪಿಗೇ ಬರುವುದಿಲ್ಲ. ಈಗ ಕೆಲಸದಲ್ಲಿರುವ ನನ್ನ ತಂಗಿಯರು ದಯವಿಟ್ಟು ಕೇಳಬೇಕು. ಮದುವೆಯಾದ ಹುಡುಗಿಯರನ್ನು ಬಸಿರಾಗುವ ಮುಂಚೆಯೇ ವೈದ್ಯರ ಹತ್ತಿರ ಕಳಿಸಬೇಕು. ಗುಳಿಗೆ ನಿಲ್ಲಿಸು ಎಂದು ಮಾತ್ರ ತಾವಾಗಿ ಹೇಳಬಾರದು.

ಕೈ ಕಟ್ಟಿದ ವಿಷಯ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂತು, 29 ಮೇ 2018ರಿಂದ ಜಾರಿಯಲ್ಲಿದೆ. ಸರಪಳಿ ಹಾಕುವುದನ್ನು 95ನೇ ಕಲಂ ಪೂರ್ತಿ ನಿಷೇಧಿಸಿದೆ. ತಮಿಳುನಾಡಿನ ಎರವಾಡಿಯಲ್ಲಿ 6 ಆಗಸ್ಟ್ 2001ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಆ ಸುದ್ದಿ ಓದಿದ ದಿನ ನಮ್ಮವ್ವ ಊಟ ಮಾಡಲಿಲ್ಲ. ಒಬ್ಬಂಟಿ ಕೋಣೆಗೆ ಹಾಕುವುದನ್ನು 97ನೇ ಕಲಂ ನಿಷೇಧಿಸಿದೆ. ಬೇರೆ ರೀತಿ ಕಟ್ಟುವುದಕ್ಕೆ ಅದೇ ಕಲಂನಲ್ಲಿ ನಿಯಮ ಇದೆ. ರೋಗಿಗೋ ಬೇರೆಯವರಿಗೋ ತಕ್ಷಣದ ಅಪಾಯ ಇದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಮನೋವೈದ್ಯರ ಒಪ್ಪಿಗೆ ಬೇಕು. ಎಷ್ಟು ಹೊತ್ತು, ಯಾಕೆ ಎಂದು ಬರೆಯಬೇಕು. ರೋಗಿ ಹೆಸರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೂ ಕಟ್ಟುವಂತಿಲ್ಲ. ಪ್ರತಿ ತಿಂಗಳ ಲೆಕ್ಕ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. ತನ್ನ ದಾಖಲೆ ನೋಡುವ ಹಕ್ಕು ರೋಗಿಗೆ 25ನೇ ಕಲಂನಲ್ಲಿ ಇದೆ ಎಂದು ತೋರಿಸಿ ತಮ್ಮನ ಕೇಸ್ ಶೀಟಿನ ನಕಲು ಪಡೆದೆವು. ಇಂಜೆಕ್ಷನ್ ಹೆಸರು ಇದೆ. ಕೈ ಕಟ್ಟಿದ್ದು ಒಂದು ಸಾಲೂ ಇಲ್ಲ. ಕಾಗದದ ಪ್ರಕಾರ ಆ ರಾತ್ರಿ ಅವನ ಕೈ ಬಿಚ್ಚಿಯೇ ಇತ್ತು.

ಅದಕ್ಕೆ ಪ್ರತಿ ವಾರ್ಡಿನಲ್ಲೂ, ಎಮರ್ಜೆನ್ಸಿಯಲ್ಲೂ ಒಂದು ಪುಸ್ತಕ ಇಡಿಸಿ. ನಿದ್ದೆಯ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು, ನಾಡಿ, ಬಿಪಿ ಎಷ್ಟು ಸಲ ನೋಡಿದರು ಎಂಬುದೂ ಅದರಲ್ಲಿರಲಿ. ಕಟ್ಟುವುದನ್ನು ಕಡಿಮೆ ಮಾಡಬಹುದು ಎಂಬುದಕ್ಕೆ ಪುರಾವೆ ಇದೆ. ಬ್ರಿಟನ್ನಿನ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಸೇಫ್‌ವಾರ್ಡ್ಸ್ ಎಂಬ ಪ್ರಯೋಗ ನಡೆಯಿತು. ಮೆತ್ತಗೆ ಮಾತಾಡುವುದು, ರೋಗಿಯೂ ಸಿಬ್ಬಂದಿಯೂ ಪರಸ್ಪರ ಪರಿಚಯ ಹೇಳಿಕೊಳ್ಳುವುದು, ಕೆಟ್ಟ ಸುದ್ದಿ ಬಂದ ರೋಗಿಯ ಪಕ್ಕ ಕೂರುವುದು, ಇಂಥ ಹತ್ತು ಸಂಗತಿಗಳು. ಜಗಳ ಗಲಾಟೆ 15% ಇಳಿಯಿತು. ಕಟ್ಟುವುದು, ಕೂಡಿಹಾಕುವುದು, ಒತ್ತಾಯದ ಔಷಧಿ, ಇವೆಲ್ಲ ಸೇರಿ 26.4% ಇಳಿಯಿತು. ಇದಕ್ಕೆ ಯಾವ ಮಶೀನೂ ಬೇಕಿಲ್ಲ.

ಇನ್ನೊಂದು, ನನಗೆ ಬಹಳ ಮುಖ್ಯ ಅನಿಸುವುದು. ಮಾನಸಿಕ ವಾರ್ಡಿನಿಂದ ಮನೆಗೆ ಹೋದ ಮೊದಲ ದಿನಗಳು ಅತ್ಯಂತ ಅಪಾಯದ ದಿನಗಳು. ಜೀವ ಕಳೆದುಕೊಳ್ಳುವ ಯೋಚನೆ ಮರಳುವುದು, ಪ್ರಯತ್ನ ನಡೆಯುವುದು ಆಗಲೇ ಜಾಸ್ತಿ. ಇಂಗ್ಲೆಂಡಿನಲ್ಲಿ ಡಿಸ್ಚಾರ್ಜ್ ಆದ 72 ಗಂಟೆಯೊಳಗೆ ರೋಗಿಯನ್ನು ಭೇಟಿ ಮಾಡಬೇಕು ಎಂಬ ಗುರಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ 3, 7, 14, 21, 28, 42ನೇ ದಿನ ಹೋಗುತ್ತಾಳೆ. ಮೂರನೇ ದಿನದ ಬೆಲೆ ನಮಗೆ ಹೊಸದಾಗಿ ಕಲಿಸಬೇಕಿಲ್ಲ. ರೋಗಿ ಒಪ್ಪಿದರೆ ಮೂರನೇ ದಿನ ಒಬ್ಬರು ಅವನ ಮನೆಗೆ ಹೋಗಲಿ, ಆಗದಿದ್ದರೆ ಫೋನಾದರೂ ಮಾಡಲಿ. "ಊಟ ಆತೇನ್ರಿ? ನಿದ್ದಿ ಬರ್ತೈತೇನ್ರಿ? ಗುಳಿಗಿ ಅದಾವೇನ್ರಿ?" ಎಂದು ಕೇಳಿ, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ಬಿಡಲಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಲು ಹೆದರಬಾರದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಡಿಸ್ಚಾರ್ಜ್ ಚೀಟಿಯ ಮೇಲೆ ಟೆಲಿ ಮಾನಸ್ ನಂಬರ್ 14416 ಅಚ್ಚು ಹಾಕಿಸಿ. 10 ಅಕ್ಟೋಬರ್ 2022ರಿಂದ ನಡೆಯುತ್ತಿದೆ, ಹಗಲು ರಾತ್ರಿ, ಕನ್ನಡದಲ್ಲೂ. ಆದರೆ ಆಶಾ ತಂಗಿಯರಿಗೆ ಈ ಕೆಲಸ ಪುಕ್ಕಟೆ ಹೇರಬೇಡಿ. ಅವರ ತಲೆಯ ಮೇಲೆ ಈಗಾಗಲೇ ಇರುವ ಗಂಟು ಎಷ್ಟು ಭಾರ ಎಂದು ನಾನು ಕಂಡವಳು. ತರಬೇತಿ ಕೊಡಿ, ಪ್ರತಿ ಭೇಟಿಗೆ ಹಣ ಕೊಡಿ.

ಸಿಬ್ಬಂದಿ ಸಾಲದು ಎನ್ನುತ್ತೀರಿ. ಒಪ್ಪುತ್ತೇನೆ. 2011ರ ಗಣತಿಯಲ್ಲೇ ಈ ಜಿಲ್ಲೆಯಲ್ಲಿ 21.77 ಲಕ್ಷ ಜನ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆ ವಯಸ್ಕರಲ್ಲಿ 10.6% ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ ಎಂದಿತು. ಇವರನ್ನೆಲ್ಲ ನೋಡಲು ಇರುವ ವೈದ್ಯರು ಬೆರಳೆಣಿಕೆ. ಸಿಬ್ಬಂದಿಯನ್ನು 10 ವರ್ಷದೊಳಗೆ ಅಂತರರಾಷ್ಟ್ರೀಯ ಮಟ್ಟಕ್ಕೆ ತರಲು ಸರ್ಕಾರ ಪ್ರಯತ್ನಿಸಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಆ 10 ವರ್ಷ 2028ರ ಮೇಗೆ ಮುಗಿಯುತ್ತದೆ. ರಾಜ್ಯಕ್ಕೆ ನೀವು ಬರೆಯಿರಿ, ನಾವೂ ಬರೆಯುತ್ತೇವೆ. ಆದರೆ ಆ ಬೆಳಿಗ್ಗೆ ತಮ್ಮನನ್ನು ಉಳಿಸಿದ್ದು ಹೊಸದಾಗಿ ಬಂದ ಹತ್ತು ಜನರಲ್ಲ. ಇದ್ದ ಒಬ್ಬಳು ಕೇಳಿದ ಒಂದು ಪ್ರಶ್ನೆ.

ಬರುವ ಬೇಸಿಗೆಗೆ ಮುಂಚೆ ಒಂದು ತಾಲೂಕಿನಲ್ಲಾದರೂ ಕಾರ್ಡ್ ಕೊಡಿಸಿ. ಮೆಡಿಕಲ್ ಅಂಗಡಿಯವರ ಒಂದು ಸಭೆ ಕರೆಯಿರಿ, ನಾನೇ ಬಂದು ತಮ್ಮನ ಕಥೆ ಹೇಳುತ್ತೇನೆ. ಡೆತ್ ಆಡಿಟ್ ಫಾರಂ ನೋಡಿಕೊಂಡು, ಅದರ ರೀತಿಯಲ್ಲೇ ಮಾನಸಿಕ ರೋಗಿಗೆ ಹಾನಿಯಾದಾಗ ಕೇಳಬೇಕಾದ ಪ್ರಶ್ನೆಗಳನ್ನು ನಾಲ್ಕು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ತಿದ್ದಿ ಬಳಸಿಕೊಳ್ಳಿ.

ಮೊದಲ ವಿಚಾರಣೆ ನನ್ನ ತಮ್ಮನದೇ ಆಗಲಿ. ಅವನು ಬರಲು ಒಪ್ಪಿದ್ದಾನೆ. ಆ ರಾತ್ರಿ ಡ್ಯೂಟಿಯಲ್ಲಿದ್ದವರೂ ಹೆದರಿಕೆಯಿಲ್ಲದೆ ಬಂದು ಕೂರುವಂತೆ ನೀವು ಮಾತು ಕೊಡಬೇಕು. ಅವರ ಮೇಲೆ ಅವನಿಗೆ ಸಿಟ್ಟಿಲ್ಲ. ಕೇಸ್ ಶೀಟ್, ರಿಪೋರ್ಟ್, ಖಾಲಿ ಗುಳಿಗೆ ಪಟ್ಟಿ ಎಲ್ಲ ಒಂದು ಚೀಲದಲ್ಲಿ ಇಟ್ಟಿದ್ದೇವೆ. ಸಭೆಯನ್ನು ಬೆಳಿಗ್ಗೆ ಇಟ್ಟುಕೊಳ್ಳಿ. ಮಧ್ಯಾಹ್ನದ ಬಿಸಿಲಿನಲ್ಲಿ ಅವನಿಗೆ ಬಸ್ ಸ್ಟ್ಯಾಂಡಿನಿಂದ ನಡೆದು ಬರಲು ಆಗುವುದಿಲ್ಲ.

ಇಂತಿ,
ಇಂಡಿ ತಾಲೂಕಿನ ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ